ನಿರ್ಣಯ ಪುಸ್ತಕ ಹಿಡಿದು ವಾರ್ಡ್ ಕಚೇರಿಗೆ

(ನಗರ ಪ್ರದೇಶದ ಸ್ವಸಹಾಯ ಸಂಘಗಳ ಸದಸ್ಯೆಯರ ಸಮಾವೇಶದಲ್ಲಿ ಮಾಡಿದ ಭಾಷಣ)



ಮೊದಲು ಒಂದು ಪ್ರಶ್ನೆ. ನಿಮ್ಮ ಸಂಘದಲ್ಲಿ ಒಟ್ಟು ಉಳಿತಾಯ ಎಷ್ಟಿದೆ, ಯಾರ ಸಾಲ ಎಷ್ಟು ಬಾಕಿ ಎಂದು ಕೇಳಿದರೆ ಪುಸ್ತಕ ನೋಡದೆಯೇ ಹೇಳುತ್ತೀರಿ. ಸರಿ. ಈಗ ಹೇಳಿ, ನಿಮ್ಮ ವಾರ್ಡಿನ ಸಂಖ್ಯೆ ಎಷ್ಟು? ನಿಮ್ಮ ವಾರ್ಡಿನ ಆರೋಗ್ಯ ನಿರೀಕ್ಷಕರು ಯಾರು? ಚರಂಡಿ ಕೆಲಸ ನೋಡಿಕೊಳ್ಳುವ ಇಂಜಿನಿಯರ್ ಯಾರು? ಗೊತ್ತಿದ್ದವರು ಕೈ ಎತ್ತಿ.

ನೋಡಿದಿರಾ? ಇಷ್ಟು ದೊಡ್ಡ ಸಭೆಯಲ್ಲಿ ಬೆರಳೆಣಿಕೆಯಷ್ಟು ಕೈಗಳು. ಇದು ನಿಮ್ಮ ತಪ್ಪು ಮಾತ್ರ ಅಲ್ಲ, ನಮ್ಮ ತಪ್ಪೂ ಹೌದು. ಉಳಿತಾಯ ಮಾಡಿ, ಬ್ಯಾಂಕಿಗೆ ಹೋಗಿ, ಸಾಲ ಸರಿಯಾಗಿ ಕಟ್ಟಿ ಎಂದು ನಾವು ಇಷ್ಟು ವರ್ಷ ಕಲಿಸಿದೆವು. ವಾರ್ಡ್ ಕಚೇರಿಯ ಮೆಟ್ಟಿಲು ಹತ್ತುವುದನ್ನು ಅಷ್ಟಾಗಿ ಕಲಿಸಲಿಲ್ಲ. ಇವತ್ತು ಅದರ ಬಗ್ಗೆಯೇ ಮಾತಾಡುವಾ.

ಒಂದು ಬಾವಿ, ಒಂದು ಚರಂಡಿ

ನಮ್ಮ ಒಂದು ಸಂಘದ ಕಥೆ ಹೇಳುತ್ತೇವೆ. ಊರಿನ ಹೆಸರು, ಬಡಾವಣೆಯ ಹೆಸರು ಬೇಡ. ಅವರ ಒಪ್ಪಿಗೆ ಪಡೆದೇ ಹೇಳುತ್ತಿದ್ದೇವೆ.

ಇಳಿಜಾರಿನಲ್ಲಿ ಅರವತ್ತರಷ್ಟು ಮನೆಗಳು. ಕೆಳಗಡೆ ಒಂದು ಸಾರ್ವಜನಿಕ ಬಾವಿ. ನಳ್ಳಿ ನೀರು ಬಾರದ ದಿನ ಎಲ್ಲರಿಗೂ ಆ ಬಾವಿಯೇ ಗತಿ. ಬಾವಿಯ ಪಕ್ಕದಲ್ಲೇ ತೆರೆದ ಚರಂಡಿ. ಮಳೆ ಜೋರಾದರೆ ಚರಂಡಿ ತುಂಬಿ, ಕೊಳಕು ನೀರು ಬಾವಿಕಟ್ಟೆಯನ್ನು ದಾಟುತ್ತಿತ್ತು. ಪ್ರತಿ ಮಳೆಗಾಲದಲ್ಲಿ ವಾಂತಿ ಭೇದಿ, ಅರಸಿನ ಕಾಮಾಲೆ. "ಮಳೆಗಾಲ ಅಂದ ಮೇಲೆ ಇದೆಲ್ಲ ಇದ್ದದ್ದೇ ಅಲ್ವಾ ಸಿಸ್ಟರ್" ಎನ್ನುತ್ತಿದ್ದರು.

ಒಂದು ವರ್ಷ ಸಂಘದ ಸದಸ್ಯೆಯೊಬ್ಬರ ಮಗಳು, ಪಿಯುಸಿ ಓದುತ್ತಿದ್ದವಳು, ಕಾಮಾಲೆಯಿಂದ ಒಂದೂವರೆ ತಿಂಗಳು ಹಾಸಿಗೆ ಹಿಡಿದಳು. ಆ ವರ್ಷ ಪರೀಕ್ಷೆಗೆ ಕೂರಲಿಲ್ಲ. ಮರುವರ್ಷ ಕಾಲೇಜಿಗೆ ಹೋಗುವ ಮನಸ್ಸೂ ಉಳಿಯಲಿಲ್ಲ. ಈಗ ಅಮ್ಮನ ಜೊತೆ ಬೀಡಿ ಕಟ್ಟುತ್ತಾಳೆ. ಬೀಡಿ ಕಟ್ಟುವುದು ಕೀಳು ಕೆಲಸವಲ್ಲ, ಆದರೆ ಆ ಹುಡುಗಿ ನರ್ಸ್ ಆಗಬೇಕೆಂದಿದ್ದಳು.

ಆ ತಾಯಿ ಆಸ್ಪತ್ರೆ ಖರ್ಚಿಗೆ ಸಂಘದಿಂದ ಸಾಲ ತೆಗೆದಿದ್ದರು. ಅದರ ಮುಂದಿನ ವಾರ ಲೆಕ್ಕ ಬರೆಯುವ ಸಹೋದರಿ ಸಾಲದ ಪುಸ್ತಕವನ್ನು ಹಿಂದಕ್ಕೆ ತಿರುವಿ ನೋಡಿದರು. ಆ ಮಳೆಗಾಲದಲ್ಲಿ ಕೊಟ್ಟ ಹನ್ನೊಂದು ಸಾಲಗಳಲ್ಲಿ ಏಳು ಸಾಲ ಆಸ್ಪತ್ರೆಗೆ! ಅವರು ಅದನ್ನು ಗಟ್ಟಿಯಾಗಿ ಓದಿದಾಗ ಸಭೆ ಸುಮ್ಮನಾಯಿತು. ಒಬ್ಬ ಹಿರಿಯಕ್ಕ ಹೇಳಿದರು, "ವಾರ ವಾರ ನಾವು ಪೆಟ್ಟಿಗೆಗೆ ಹಾಕಿದ ದುಡ್ಡು ಈ ಚರಂಡಿಯಲ್ಲೇ ಹೋಗ್ತಾ ಉಂಟಲ್ಲ ಮಾರಾಯ್ರೆ."

ಸಹೋದರಿಯರೇ, ಈ ಮಾತನ್ನು ಗಮನಿಸಿ. ಉಳಿತಾಯ ಬೇರೆ, ಊರಿನ ಸಮಸ್ಯೆ ಬೇರೆ ಅಲ್ಲ. ಸಂಘದ ಪೆಟ್ಟಿಗೆ ತುಂಬಬೇಕಾದರೆ ಬೀದಿಯ ಚರಂಡಿ ಸರಿಯಿರಬೇಕು.

ನಾವು ಮಾಡಿದ ತಪ್ಪು

ಅವರು ನಮ್ಮ ಬಳಿಗೆ ಬಂದರು. ನಾವೇನು ಮಾಡಿದೆವು? ಜೀಪು ಹತ್ತಿ ನಾವೇ ಕಚೇರಿಗೆ ಹೋದೆವು. ಅಲ್ಲಿ "ಬನ್ನಿ ಸಿಸ್ಟರ್, ಕೂತ್ಕೊಳ್ಳಿ" ಎಂದು ಮರ್ಯಾದೆ ಕೊಟ್ಟರು. ಒಂದು ವಾರದಲ್ಲಿ ಚರಂಡಿಯ ಹೂಳು ತೆಗೆಸಿದರು. ನಾವೂ ಸಂತೋಷಪಟ್ಟು ವರದಿಯಲ್ಲಿ ಬರೆದುಕೊಂಡೆವು.

ಮುಂದಿನ ವರ್ಷ ಚರಂಡಿ ಮತ್ತೆ ಕಟ್ಟಿಕೊಂಡಿತು. ಸಂಘದವರು ಮತ್ತೆ ಬಂದರು, "ಸಿಸ್ಟರ್, ನೀವು ಒಂದು ಫೋನ್ ಮಾಡಿ." ಅಲ್ಲಿದ್ದ ಅಧಿಕಾರಿ ವರ್ಗವಾಗಿದ್ದರು. ಹೊಸಬರಿಗೆ ನಮ್ಮ ಪರಿಚಯವಿಲ್ಲ. ಬರವಣಿಗೆಯಲ್ಲಿ ಒಂದು ಚೀಟಿಯೂ ಇಲ್ಲ. ಆಗ ನಮಗೆ ಅರ್ಥವಾಯಿತು. ನಾವು ಸಹಾಯ ಮಾಡಲು ಹೋಗಿ ಅವರ ಜಾಗದಲ್ಲಿ ನಾವೇ ಕುಳಿತುಬಿಟ್ಟಿದ್ದೆವು. ಕಚೇರಿಗೆ ಸಿಸ್ಟರ್ ಗೊತ್ತಾದರು, ಆ ಬಡಾವಣೆಯ ಅರವತ್ತು ಮನೆಗಳು ಗೊತ್ತಾಗಲಿಲ್ಲ.

ಹಾಗಾಗಿ ಎರಡನೇ ಸಲ ನಾವು ಹೋಗಲಿಲ್ಲ. "ನೀವು ಹೋಗಿ, ನಾವು ಹಿಂದೆ ಇರುತ್ತೇವೆ" ಎಂದೆವು. ಕೆಲವರಿಗೆ ಬೇಸರವಾಯಿತು, ನಮ್ಮ ಮೇಲೆ ಸಿಟ್ಟೂ ಬಂತು.

ಮೊದಲು ನಮ್ಮ ಅಂಗಳ

ಹೋಗುವ ಮೊದಲು ಒಂದು ಭಾನುವಾರ ಎಲ್ಲರೂ ಸೇರಿ ಚರಂಡಿಯ ಉದ್ದಕ್ಕೂ ನಡೆದರು. ಎಲ್ಲಿ ಕಟ್ಟಿದೆ, ಎಲ್ಲಿ ಕುಸಿದಿದೆ, ಎಲ್ಲಿ ಬಾವಿಗೆ ನೀರು ನುಗ್ಗುತ್ತದೆ ಎಂದು ಒಂದು ಹಾಳೆಯಲ್ಲಿ ಗೆರೆ ಎಳೆದು ಗುರುತು ಹಾಕಿದರು. ಶಾಲೆಗೆ ಹೋಗುವ ಮಕ್ಕಳು ಬರೆದುಕೊಟ್ಟರು.

ಆಗ ಎರಡು ವಿಷಯ ಹೊರಬಂತು. ಒಂದು, ಚರಂಡಿಯಲ್ಲಿ ಸಿಕ್ಕಿದ ಪ್ಲಾಸ್ಟಿಕ್ ಚೀಲ, ಹಾಲಿನ ಪ್ಯಾಕೆಟ್, ಮೀನಿನ ತ್ಯಾಜ್ಯ ಎಲ್ಲ ನಮ್ಮದೇ ಮನೆಗಳದ್ದು. ಎರಡನೆಯದು ಇನ್ನೂ ಕಷ್ಟದ್ದು. ಸಂಘದ ಅಧ್ಯಕ್ಷೆಯ ಬಚ್ಚಲುಮನೆಯ ಒಂದು ಮೂಲೆ ಚರಂಡಿಯ ಮೇಲೇ ಬಂದಿತ್ತು. ಅಲ್ಲೇ ನೀರು ತಡೆದು ನಿಲ್ಲುತ್ತಿತ್ತು. ಎಲ್ಲರಿಗೂ ಕಂಡಿತು, ಯಾರೂ ಬಾಯಿ ಬಿಡಲಿಲ್ಲ. ಎರಡು ವಾರ ಸಭೆಯಲ್ಲಿ ಬರೀ ಉಳಿತಾಯ ಕಟ್ಟಿ ಎದ್ದು ಹೋದರು.

ಮೂರನೇ ವಾರ ಅಧ್ಯಕ್ಷೆಯೇ ಹೇಳಿದರು, "ನನ್ನ ಬಚ್ಚಲು ಹಾಗೇ ಇಟ್ಟುಕೊಂಡು ನಾನು ಯಾವ ಮುಖದಲ್ಲಿ ಅರ್ಜಿಗೆ ಸಹಿ ಹಾಕಲಿ?" ಗಂಡ ಒಪ್ಪಲಿಲ್ಲ, ಮನೆಯಲ್ಲಿ ಮಾತಿಗೆ ಮಾತು ಬೆಳೆಯಿತು. ಕೊನೆಗೆ ಸಂಘದವರೇ ನಾಲ್ಕು ಮಂದಿ ಕೈ ಸೇರಿಸಿ ಆ ಮೂಲೆಯನ್ನು ಒಡೆದು, ಗೋಡೆಯನ್ನು ಎರಡು ಅಡಿ ಒಳಗೆ ಕಟ್ಟಿಕೊಟ್ಟರು. ಸಿಮೆಂಟಿನ ಖರ್ಚಿಗೆ ಸಂಘದಿಂದ ಸಾಲ ಕೊಟ್ಟರು. ಆ ಸಾಲದ ಉದ್ದೇಶ ಎಂಬ ಕಲಮಿನಲ್ಲಿ 'ಚರಂಡಿ ಬಿಡಿಸಿದ್ದು' ಎಂದು ಬರೆದಿದ್ದಾರೆ. ಅದನ್ನು ನೋಡಿದಾಗ ನಮಗೆ ಕಣ್ಣು ತುಂಬಿ ಬಂತು.

ಅಧಿಕಾರಿಗಳನ್ನು ಕೇಳುವ ಧೈರ್ಯ ಎಲ್ಲಿಂದ ಬರುತ್ತದೆ ಎಂದರೆ ಇಲ್ಲಿಂದ. ನಮ್ಮ ಪಾಲಿನದನ್ನು ನಾವು ಮಾಡಿದ ಮೇಲೆ ಅವರ ಪಾಲಿನದನ್ನು ಕೇಳಲು ಹೆದರಿಕೆ ಇಲ್ಲ.

ಮಾತು ಹಾರಿ ಹೋಗುತ್ತದೆ, ಬರಹ ನಿಲ್ಲುತ್ತದೆ

ನಂತರ ಸಭೆಯಲ್ಲಿ ನಿರ್ಣಯ ಬರೆದರು. ನಿರ್ಣಯದ ಪ್ರತಿ, ಚರಂಡಿಯ ನಕ್ಷೆ, ಸಾಲದ ಪುಸ್ತಕದಿಂದ ತೆಗೆದ ಆ ಏಳು ಸಾಲಗಳ ವಿವರ, ಮನೆ ಮನೆಯ ಸಹಿ, ಹೆಬ್ಬೆಟ್ಟು ಎಲ್ಲ ಸೇರಿಸಿ ಅರ್ಜಿ ಮಾಡಿದರು. ಐದು ಮಂದಿ ಹೋಗಿ ಕೊಟ್ಟರು. ಕೊಟ್ಟು ಸುಮ್ಮನೆ ಬರಲಿಲ್ಲ. ಇನ್ನೊಂದು ಪ್ರತಿಯ ಮೇಲೆ ಕಚೇರಿಯ ಸೀಲು, ದಿನಾಂಕ, ಸ್ವೀಕೃತಿ ಸಂಖ್ಯೆ ಹಾಕಿಸಿಕೊಂಡು ಬಂದರು.

ಒಂದು ತಿಂಗಳು ಏನೂ ಆಗಲಿಲ್ಲ. ಮತ್ತೆ ಹೋದರು. "ಸಾಹೇಬರು ಇಲ್ಲ." ಮತ್ತೆ ಹೋದರು. "ಫೈಲು ಮೇಲೆ ಹೋಗಿದೆ." ಆಗ ಮಾಹಿತಿ ಹಕ್ಕಿನ ಅರ್ಜಿ ಹಾಕಿದರು. 2005ರ ಮಾಹಿತಿ ಹಕ್ಕು ಕಾಯ್ದೆ ನಿಮಗೂ ಗೊತ್ತಿರಲಿ. ಹತ್ತು ರೂಪಾಯಿ ಶುಲ್ಕ, ಬಿಪಿಎಲ್ ಕಾರ್ಡಿನ ಪ್ರತಿ ಇಟ್ಟರೆ ಅದೂ ಬೇಡ. 30 ದಿನದೊಳಗೆ ಉತ್ತರ ಕೊಡಬೇಕು. ನಮ್ಮ ರಾಜ್ಯದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದಗಳ ಒಳಗೆ. ಇವರು ಕೇಳಿದ್ದು ಒಂದೇ ಮಾತು: ಇಂಥ ದಿನಾಂಕದ, ಇಂಥ ಸಂಖ್ಯೆಯ ನಮ್ಮ ಅರ್ಜಿಯ ಮೇಲೆ ಏನು ಕ್ರಮ ಆಗಿದೆ?

ಉತ್ತರ ಬರುವ ಮೊದಲೇ ಇಂಜಿನಿಯರ್ ಬಂದರು, ಟೇಪು ಹಿಡಿದು ಅಳತೆ ಮಾಡಿದರು. "ಈ ವರ್ಷ ಚಪ್ಪಡಿ ಹಾಕಲು ಹಣ ಇಲ್ಲ. ಮಳೆಗೆ ಮೊದಲು ಹೂಳು ತೆಗೆಸುತ್ತೇನೆ. ಬಾವಿಯ ಹತ್ತಿರದ ಕೆಲಸವನ್ನು ಮುಂದಿನ ವರ್ಷದ ಕ್ರಿಯಾ ಯೋಜನೆಗೆ ಸೇರಿಸುತ್ತೇನೆ" ಎಂದರು. ಅವರು ಒಳ್ಳೆಯ ಮನುಷ್ಯರೇ. ಲೆಕ್ಕ ಬರೆಯುವ ಸಹೋದರಿ ಅದನ್ನು ಅಲ್ಲೇ ನಿರ್ಣಯ ಪುಸ್ತಕದಲ್ಲಿ ಬರೆದು, "ಸರ್, ನೀವು ಹೇಳಿದ್ದು ಸರಿಯಾಗಿ ಬರೆದಿದ್ದೇವಾ ನೋಡಿ, ಒಂದು ಸಹಿ ಹಾಕಿ" ಎಂದು ಪೆನ್ನು ಮುಂದೆ ಹಿಡಿದರು. ಅವರು ನಕ್ಕು ಸಹಿ ಹಾಕಿದರು.

ಮುಂದಿನ ವರ್ಷ ಆ ಇಂಜಿನಿಯರ್ ಕೂಡ ವರ್ಗವಾದರು. ಆದರೆ ಈ ಸಲ ಪುಸ್ತಕ ಇತ್ತು. ಹೊಸ ಇಂಜಿನಿಯರಿಗೆ ಸಹಿ ತೋರಿಸಿದರು. ಬಾವಿಯ ಸುತ್ತ ಕಟ್ಟೆ ಎತ್ತರವಾಯಿತು, ಪಕ್ಕದ ಚರಂಡಿಗೆ ತಡೆಗೋಡೆ, ಮೇಲೆ ಚಪ್ಪಡಿ ಬಂತು. ಮೇಲ್ಭಾಗದ ಚರಂಡಿ ಇನ್ನೂ ತೆರೆದೇ ಇದೆ. ಅದರ ಅರ್ಜಿ ನಡೆಯುತ್ತಿದೆ. ಎಲ್ಲ ಸರಿಯಾಯಿತು ಎಂದು ನಾವು ಸುಳ್ಳು ಹೇಳುವುದಿಲ್ಲ. ಆದರೆ ಮರುವರ್ಷದ ಮಳೆಗಾಲದಲ್ಲಿ ಆ ಸಂಘದಲ್ಲಿ ಕಾಮಾಲೆಗೆಂದು ಒಂದೂ ಸಾಲ ಹೋಗಲಿಲ್ಲ.

ಅಧಿಕಾರಿ ಬದಲಾಗುತ್ತಾರೆ, ವಾರ್ಡಿನ ಸದಸ್ಯರು ಬದಲಾಗುತ್ತಾರೆ, ನಾವು ಸಿಸ್ಟರ್‌ಗಳೂ ಬೇರೆ ಊರಿಗೆ ವರ್ಗವಾಗಿ ಹೋಗುತ್ತೇವೆ. ನಿಮ್ಮ ನಿರ್ಣಯ ಪುಸ್ತಕ ಎಲ್ಲಿಗೂ ಹೋಗುವುದಿಲ್ಲ. ಈ ದಿನ ಒಂದೇ ಮಾತು ನೆನಪಿಟ್ಟುಕೊಳ್ಳುವುದಾದರೆ ಇದನ್ನು ನೆನಪಿಟ್ಟುಕೊಳ್ಳಿ.

ಕಾನೂನು ನಮಗೆ ಕೊಟ್ಟಿರುವ ಜಾಗ

ಇದು ಯಾರೋ ದೊಡ್ಡ ಮನಸ್ಸು ಮಾಡಿ ಕೊಡುವ ಉಪಕಾರ ಎಂದು ತಿಳಿಯಬೇಡಿ. 1992ರಲ್ಲಿ ಸಂವಿಧಾನಕ್ಕೆ 74ನೇ ತಿದ್ದುಪಡಿ ಆಯಿತು, 1993ರ ಜೂನ್ 1ರಿಂದ ಜಾರಿಗೆ ಬಂತು. ಹಳ್ಳಿಗೆ ಗ್ರಾಮ ಪಂಚಾಯಿತಿ ಇರುವ ಹಾಗೆ ಊರು ಎಷ್ಟು ದೊಡ್ಡದೋ ಅದಕ್ಕೆ ತಕ್ಕಂತೆ ಪಟ್ಟಣ ಪಂಚಾಯಿತಿ, ಪುರಸಭೆ, ನಗರಸಭೆ, ಮಹಾನಗರ ಪಾಲಿಕೆ. ಇವುಗಳಿಗೆ ವಹಿಸಬಹುದಾದ 18 ವಿಷಯಗಳು ಸಂವಿಧಾನದ 12ನೇ ಅನುಸೂಚಿಯಲ್ಲಿವೆ. ಕುಡಿಯುವ ನೀರು, ನೈರ್ಮಲ್ಯ, ಕಸ ವಿಲೇವಾರಿ, ಬೀದಿದೀಪ, ಕೊಳೆಗೇರಿ ಸುಧಾರಣೆ, ನಗರದ ಬಡತನ ನಿವಾರಣೆ, ಸ್ಮಶಾನ ಕೂಡ ಆ ಪಟ್ಟಿಯಲ್ಲಿವೆ. ಮಹಿಳೆಯರಿಗೆ ಕನಿಷ್ಠ ಮೂರನೇ ಒಂದು ಸ್ಥಾನ ಎಂದು ಸಂವಿಧಾನ ಹೇಳಿತು. ನಮ್ಮ ಕರ್ನಾಟಕದಲ್ಲಿ ಅದು ಅರ್ಧಕ್ಕೆ ಏರಿತು.

3 ಲಕ್ಷ ಅಥವಾ ಅದಕ್ಕೂ ಹೆಚ್ಚು ಜನರಿರುವ ನಗರಗಳಲ್ಲಿ ವಾರ್ಡ್ ಸಮಿತಿ ಇರಬೇಕೆಂದೂ ಸಂವಿಧಾನದಲ್ಲಿದೆ. ನಮ್ಮ ರಾಜ್ಯದಲ್ಲಿ 2011ರಲ್ಲಿ ಮಹಾನಗರ ಪಾಲಿಕೆ ಕಾಯ್ದೆಗೆ ತಿದ್ದುಪಡಿ ತಂದು ವಾರ್ಡ್ ಸಮಿತಿ ಮತ್ತು ಏರಿಯಾ ಸಭೆ ಎರಡನ್ನೂ ಸೇರಿಸಿದರು. ಬೆಂಗಳೂರಿಗೆ ಈಗ ಬೇರೆ ಕಾಯ್ದೆ ಇದೆ. ಆ ತಿದ್ದುಪಡಿಯ ಪ್ರಕಾರ ವಾರ್ಡಿನ ಸದಸ್ಯರು ಸಮಿತಿಯ ಅಧ್ಯಕ್ಷರು. ಜೊತೆಗೆ ಹತ್ತು ಮಂದಿ ನಾಗರಿಕರು. ಅವರಲ್ಲಿ ಕನಿಷ್ಠ ಮೂವರು ಮಹಿಳೆಯರು, ಇಬ್ಬರು ಪರಿಶಿಷ್ಟ ಜಾತಿ ಅಥವಾ ಪಂಗಡದವರು, ಇಬ್ಬರು ನಿವಾಸಿಗಳ ಸಂಘದವರು. ಕಸ, ನೀರು, ಚರಂಡಿ, ಬೀದಿದೀಪ ಹೇಗಿದೆ ಎಂದು ನೋಡುವುದು, ವಾರ್ಡಿಗೆ ಏನು ಕೆಲಸ ಆಗಬೇಕೆಂದು ಯೋಜನೆ ಮಾಡುವುದು ಇವರ ಕೆಲಸ. ಇನ್ನು ಏರಿಯಾ ಸಭೆ ಎಂದರೆ ನಮ್ಮ ಸುತ್ತಮುತ್ತಲಿನ ಮತಗಟ್ಟೆಯ ಮತದಾರರೆಲ್ಲರ ಸಭೆ. ಮತದಾರರ ಪಟ್ಟಿಯಲ್ಲಿ ಹೆಸರಿದ್ದರೆ ಸಾಕು, ನೀವು ಅದರ ಸದಸ್ಯೆ.

ಕಾನೂನು ಬಂದ ಕೂಡಲೇ ಸಮಿತಿ ಬರಲಿಲ್ಲ. ಮಂಗಳೂರಿನಲ್ಲಿ 60 ವಾರ್ಡುಗಳಿವೆ. ಅಲ್ಲಿಯೂ ನಾಗರಿಕರು ಮತ್ತೆ ಮತ್ತೆ ಒತ್ತಾಯಿಸಿದ ಮೇಲೆಯೇ ಸಮಿತಿಗಳಾದವು. ಅದೇ ಮಂಗಳೂರಿನಲ್ಲಿ 2019ರ ಆಗಸ್ಟ್ ಮಳೆಗೆ ಪಚ್ಚನಾಡಿಯ ಕಸದ ಗುಡ್ಡ ಕುಸಿದು ಮಂದಾರದ ತೋಟ ಮನೆಗಳ ಕಡೆಗೆ ನುಗ್ಗಿದ್ದು ನಿಮಗೆ ನೆನಪಿರಬಹುದು. ಇಡೀ ನಗರದ ಕಸ ಒಂದು ಕಡೆ ಬಿದ್ದರೆ ಅದರ ಕಷ್ಟ ಅಲ್ಲಿ ಬದುಕುವವರಿಗೆ. ಹಸಿ ಕಸ, ಒಣ ಕಸ ಮನೆಯಲ್ಲೇ ಬೇರೆ ಮಾಡಿ ಕೊಡಿ ಎಂದು ಹೇಳುವುದು ಅದಕ್ಕೇ.

ಚುನಾಯಿತ ಸದಸ್ಯರೇ ಇಲ್ಲದ ಕಾಲವೂ ಬರುತ್ತದೆ. ಐದು ವರ್ಷದ ಅವಧಿ ಮುಗಿಯುವ ಮೊದಲೇ ಚುನಾವಣೆ ಆಗಬೇಕೆಂದು ಸಂವಿಧಾನ ಹೇಳುತ್ತದೆ. ಆದರೂ ಬೆಂಗಳೂರಿನಲ್ಲಿ 2015ರಲ್ಲಿ ಆರಿಸಿ ಬಂದವರ ಅವಧಿ 2020ರ ಸೆಪ್ಟೆಂಬರಿನಲ್ಲಿ ಮುಗಿದ ಮೇಲೆ ಐದು ವರ್ಷಕ್ಕೂ ಹೆಚ್ಚು ಕಾಲ ಆಡಳಿತಾಧಿಕಾರಿಗಳೇ ನಡೆಸಿದರು. ಅಂಥ ಸಮಯದಲ್ಲಿ ನಮ್ಮ ಅರ್ಜಿ ನೇರವಾಗಿ ಆಯುಕ್ತರಿಗೆ ಅಥವಾ ಮುಖ್ಯಾಧಿಕಾರಿಗಳಿಗೆ ಹೋಗಬೇಕು. "ಸದಸ್ಯರಿಲ್ಲ, ಯಾರನ್ನು ಕೇಳುವುದು" ಎಂದು ಕೈಕಟ್ಟಿ ಕೂರಬಾರದು.

ನೀವು ಕೇಳುವ ಪ್ರಶ್ನೆಗಳು

"ಸಿಸ್ಟರ್, ನಮಗೆ ಹಕ್ಕುಪತ್ರವೇ ಇಲ್ಲ, ಬಾಡಿಗೆ ಮನೆ. ತೆರಿಗೆ ಕಟ್ಟದವರು ಹೇಗೆ ಕೇಳುವುದು?" ನೀವು ಕೊಡುವ ಬಾಡಿಗೆಯಲ್ಲಿ ಮನೆ ಯಜಮಾನರು ಕಟ್ಟುವ ತೆರಿಗೆಯೂ ಸೇರಿದೆ. ಏರಿಯಾ ಸಭೆಗೆ ಬೇಕಾದದ್ದು ಆಸ್ತಿ ಅಲ್ಲ, ಮತದಾರರ ಪಟ್ಟಿಯಲ್ಲಿ ಹೆಸರು. ಬಂಗಲೆಗಳಿರುವ ಬಡಾವಣೆಯವರಿಗೆ ನೋಂದಾಯಿತ ಸಂಘವಿದೆ, ಇಂಗ್ಲಿಷಿನಲ್ಲಿ ಅರ್ಜಿ ಬರೆಯುವವರಿದ್ದಾರೆ. ಅವರು ಕೇಳುವುದು ತಪ್ಪಲ್ಲ. ಆದರೆ ಅವರು ಮಾತ್ರ ಕೇಳಿದರೆ ಮೊದಲು ಅವರ ಪಾರ್ಕಿಗೆ ದೀಪ ಬರುತ್ತದೆ, ನಮ್ಮ ಬಾವಿಗೆ ಕಟ್ಟೆ ಬರುವುದಿಲ್ಲ. ಸಮಿತಿಯ ಆ ಮೂರು ಮಹಿಳಾ ಸ್ಥಾನಗಳಿಗೆ ಅರ್ಜಿ ಕರೆದಾಗ ನಮ್ಮ ಸಂಘಗಳಿಂದ ಹೆಸರು ಹೋಗಬೇಕು.

"ರಾಜಕೀಯ ಆಗುವುದಿಲ್ಲವಾ?" ಸಂಘದ ಹೆಸರಿನಲ್ಲಿ ಪಕ್ಷದ ಮೆರವಣಿಗೆ ಬೇಡ. ಮತ ನಿಮ್ಮ ಸ್ವಂತ ವಿಚಾರ. ಆದರೆ ಚರಂಡಿಗೆ ಪಕ್ಷ ಇಲ್ಲ, ಕಾಮಾಲೆಗೆ ಜಾತಿ ಧರ್ಮ ಇಲ್ಲ. ನಿರ್ಣಯಕ್ಕೆ ಬಡಾವಣೆಯ ಎಲ್ಲರ ಸಹಿ ಇರಲಿ.

"ಎಷ್ಟು ಸಲ ಅಂತ ಹೋಗುವುದು, ಒಂದು ದಿನದ ಕೂಲಿ ಹೋಗ್ತದೆ." ನಿಜವಾದ ಕಷ್ಟ. ಅದಕ್ಕೇ ಒಬ್ಬರೇ ಹೋಗಬೇಡಿ, ಪಾಳಿ ಹಾಕಿಕೊಳ್ಳಿ. ಬಸ್ಸಿನ ಖರ್ಚು ಸಂಘದಿಂದ ಕೊಡಿ. ಆಸ್ಪತ್ರೆಗೆ ಹೋಗುವ ಕೂಲಿಯ ಮುಂದೆ ಇದು ಸಣ್ಣದು.

ಹಣ ಹಂಚುವ ಮೊದಲೇ ಕೇಳಬೇಕು

ಊಟ ಬಡಿಸಿ ಆದ ಮೇಲೆ ತಟ್ಟೆ ಹಿಡಿದು ಹೋದರೆ ಏನು ಸಿಗುತ್ತದೆ? ಸ್ಥಳೀಯ ಸಂಸ್ಥೆಗಳ ಲೆಕ್ಕದ ವರ್ಷ ಏಪ್ರಿಲ್‌ನಲ್ಲಿ ಶುರು. ಅದಕ್ಕೂ ಮೊದಲೇ ಬಜೆಟ್ ತಯಾರಾಗುತ್ತದೆ, ಸಾರ್ವಜನಿಕರ ಸಲಹೆಗೆ ಸಭೆ ಕರೆಯುವುದೂ ಉಂಟು. ಆ ಸಭೆಗೆ ನಾವು ಹೋಗಬೇಕು. ಹಾಗಾಗಿ ನಮ್ಮ ಬೇಡಿಕೆಯ ಪಟ್ಟಿ ಕ್ರಿಸ್ಮಸ್ಸಿಗೆ ಮೊದಲು ಸಿದ್ಧವಾಗಬೇಕು. ನಮ್ಮ ರಾಜ್ಯದ ನಗರ ಸಂಸ್ಥೆಗಳಲ್ಲಿ ಪರಿಶಿಷ್ಟ ಜಾತಿ ಪಂಗಡದವರಿಗಾಗಿ ಶೇ. 24.10, ಇತರ ಬಡವರಿಗಾಗಿ ಶೇ. 7.25, ಅಂಗವಿಕಲರಿಗಾಗಿ ಶೇ. 5 ಎಂದು ಹಣ ಮೀಸಲಿಡುವ ಕ್ರಮವಿದೆ. ಅದು ನಮ್ಮ ವಾರ್ಡಿನಲ್ಲಿ ಯಾವುದಕ್ಕೆ ಖರ್ಚಾಯಿತು ಎಂದು ಕೇಳಿದ್ದೀರಾ?

ಮಹಾರಾಷ್ಟ್ರದ ಪುಣೆಯಲ್ಲಿ 2006ರಿಂದ ನಾಗರಿಕರು ತಮ್ಮ ವಾರ್ಡಿನ ಸಣ್ಣಪುಟ್ಟ ಕೆಲಸಗಳನ್ನು ಬಜೆಟ್‌ಗೆ ಬರೆದುಕೊಡುವ ಪದ್ಧತಿ ಶುರುವಾಯಿತು. ಅದೇ ಪುಣೆಯಲ್ಲಿ ಬೀದಿಯಲ್ಲಿ ಕಸ ಆಯುವವರು, ಹೆಚ್ಚಿನವರು ನಮ್ಮ ಹಾಗೆ ಬಡ ಹೆಂಗಸರು, 1993ರಲ್ಲಿ ಒಂದು ಸಂಘಟನೆ ಕಟ್ಟಿಕೊಂಡರು. ಕಳ್ಳರು ಎಂದು ಬೈಸಿಕೊಳ್ಳುತ್ತಿದ್ದವರಿಗೆ ಮೊದಲು ಗುರುತಿನ ಚೀಟಿ ಸಿಕ್ಕಿತು. 2008ರಲ್ಲಿ ಅವರದೇ ಸಹಕಾರ ಸಂಘ 'ಸ್ವಚ್ಛ್' ಪಾಲಿಕೆಯೊಂದಿಗೆ ಒಪ್ಪಂದ ಮಾಡಿಕೊಂಡು ಮನೆ ಮನೆಯಿಂದ ಕಸ ಸಂಗ್ರಹಿಸುವ ಕೆಲಸ ವಹಿಸಿಕೊಂಡಿತು. ಹದಿನೈದು ವರ್ಷ ಹಿಡಿಯಿತು. ಅಷ್ಟು ಕಾಲ ಅವರು ಒಟ್ಟಾಗಿ ಉಳಿದರು, ಅದೇ ದೊಡ್ಡದು.

ಈ ತಿಂಗಳ ಕೆಲಸ

ಭಾಷಣ ಕೇಳಿ ಚಪ್ಪಾಳೆ ಹೊಡೆದು ಹೋದರೆ ಪ್ರಯೋಜನವಿಲ್ಲ. ಪ್ರತಿ ಸಂಘವೂ ಈ ತಿಂಗಳು ನಾಲ್ಕು ಕೆಲಸ ಮಾಡಲಿ.

1. ವಾರ್ಡ್ ಸಂಖ್ಯೆ, ಆರೋಗ್ಯ ನಿರೀಕ್ಷಕರು, ಇಂಜಿನಿಯರ್ ಇವರ ಹೆಸರು, ಕಚೇರಿಯ ಫೋನ್ ಸಂಖ್ಯೆಯನ್ನು ನಿರ್ಣಯ ಪುಸ್ತಕದ ಮೊದಲ ಪುಟದಲ್ಲಿ ಬರೆಯಿರಿ.

2. ಒಂದು ಸಂಜೆ ಎಲ್ಲರೂ ಸೇರಿ ಬಡಾವಣೆಯಲ್ಲಿ ನಡೆಯಿರಿ. ನಮ್ಮಿಂದಾದ ತಪ್ಪು ಒಂದು ಕಡೆ, ಕಚೇರಿಯಿಂದ ಆಗಬೇಕಾದ ಕೆಲಸ ಇನ್ನೊಂದು ಕಡೆ ಬರೆಯಿರಿ.

3. ಸಾಲದ ಪುಸ್ತಕ ತೆಗೆದು ಕಳೆದ ವರ್ಷ ಕಾಯಿಲೆಗೆ ಎಷ್ಟು ಸಾಲ ಹೋಗಿದೆ ಎಂದು ಲೆಕ್ಕ ಹಾಕಿರಿ.

4. ಹತ್ತು ಬೇಡಿಕೆ ಬೇಡ, ಒಂದೇ ಸಮಸ್ಯೆ ಆರಿಸಿ. ನಿರ್ಣಯ ಬರೆದು ಅರ್ಜಿ ಕೊಟ್ಟು ಸ್ವೀಕೃತಿ ತನ್ನಿ. ಕೆಲಸ ಆದರೆ ಧನ್ಯವಾದ ಹೇಳಲು ಮರೆಯಬೇಡಿ. ನಮ್ಮ ಚರಂಡಿಗೆ ಇಳಿಯುವ ಪೌರಕಾರ್ಮಿಕರಿಗೆ ಒಂದು ಲೋಟ ಚಹಾ ಕೊಡಲು ಯಾವ ಅರ್ಜಿಯೂ ಬೇಡ.

ಕೊನೆಗೆ ಬೈಬಲಿನ ಒಂದು ಕಥೆ. ನಮ್ಮ ಸಂಘಗಳಲ್ಲಿ ಎಲ್ಲ ಧರ್ಮದವರಿದ್ದೀರಿ, ಕಥೆ ಎಲ್ಲರಿಗೂ ಸೇರಿದ್ದು. ಜೆರುಸಲೇಮ್ ಪಟ್ಟಣದ ಗೋಡೆ ಬಿದ್ದು ಹಾಳಾಗಿತ್ತು. ನೆಹೆಮೀಯ ಎಂಬವನು ಬಂದು ಜನರನ್ನು ಸೇರಿಸಿದ. ಅರ್ಚಕರು, ಅಕ್ಕಸಾಲಿಗರು, ವ್ಯಾಪಾರಿಗಳು ಎಲ್ಲ ಒಂದೊಂದು ಭಾಗ ವಹಿಸಿಕೊಂಡರು. ಹಲವರು ತಮ್ಮ ತಮ್ಮ ಮನೆಯ ಎದುರಿನ ಗೋಡೆಯನ್ನೇ ಕಟ್ಟಿದರು. ಆ ಉದ್ದ ಪಟ್ಟಿಯಲ್ಲಿ ಶಲ್ಲೂಮ್ ಎಂಬವನ ಹೆಸರೂ ಇದೆ. ಅವನು ತನ್ನ ಹೆಣ್ಣುಮಕ್ಕಳ ಜೊತೆ ಕಟ್ಟಿದನಂತೆ. ಅಷ್ಟು ಹಿಂದಿನ ಕಾಲದಲ್ಲಿ, ಹೆಣ್ಣುಮಕ್ಕಳು ಮಾಡಿದ ಆ ಕೆಲಸವನ್ನು ಯಾರೋ ಮರೆಯದೆ ಬರೆದಿಟ್ಟರು. ಬರೆದಿಟ್ಟಿದ್ದರಿಂದ ಇವತ್ತು ನಮಗೆ ಗೊತ್ತಾಯಿತು.

ನಿಮ್ಮ ಮನೆಯ ಎದುರಿನ ಭಾಗವನ್ನು ನೀವೂ ವಹಿಸಿಕೊಳ್ಳಿ. ಮಾಡಿದ್ದನ್ನು ಬರೆದಿಡಿ. ಮುಂದಿನ ವರ್ಷ ಇದೇ ಸಭೆಯಲ್ಲಿ ವಾರ್ಡ್ ಸಂಖ್ಯೆ ಕೇಳುತ್ತೇವೆ. ಆಗ ಎಲ್ಲರ ಕೈಯೂ ಮೇಲೆ ಏಳಬೇಕು.

ದೇವರು ನಿಮ್ಮನ್ನೂ ನಿಮ್ಮ ಮಕ್ಕಳನ್ನೂ ಆಶೀರ್ವದಿಸಲಿ.